ಕಡತದ ದಾರಿ ಮತ್ತು ಸಮೀಪಮಾರ್ಗ: ಹೊಳಲಿನ ಭೂದಾಖಲೆಯನ್ನು ಮುಂದಿಟ್ಟು ಒಂದು ವಿವೇಚನೆ

ಆಡಳಿತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಆಜ್ಞೆಯನ್ನು ಹೊರಡಿಸಿದವರ ಹೆಸರನ್ನೂ ಅದರ ತೇದಿಯನ್ನೂ ಕೊಡುತ್ತಾರೆ. ಆ ಆಜ್ಞೆ ಎಷ್ಟು ಮೇಜುಗಳನ್ನು ದಾಟಿ, ಯಾವ ಮೇಜಿನ ಮೇಲೆ ಎಷ್ಟು ದಿನ ನಿಂತು, ರೈತನ ಮನೆಯ ಬಾಗಿಲನ್ನು ಮುಟ್ಟಿತೆಂಬುದನ್ನು ವಿಚಾರಿಸುವವರು ವಿರಳ. ಈಗ ಕಚೇರಿಗಳಲ್ಲಿ ಕಾಗದದ ಕಡತಕ್ಕೆ ಬದಲಾಗಿ ಗಣಕಯಂತ್ರದ ತಂತ್ರಾಂಶ ಬಂದಿರುವುದರಿಂದ ಈ ವಿಚಾರಣೆ ಮತ್ತಷ್ಟು ಅಗತ್ಯವಾಗಿದೆ. ಹಿಂದೆ ಗುಮಾಸ್ತನ ರೂಢಿಯಲ್ಲಿ ಅಡಗಿದ್ದ ದಾರಿಯನ್ನು ಈಗ ಯಾರೋ ಒಬ್ಬರು ಮೊದಲೇ ಕುಳಿತು ಪಟ್ಟಿಯಾಗಿ ಬರೆದಿಡಬೇಕಾಗುತ್ತದೆ. ಆ ಪಟ್ಟಿಯನ್ನು ಬರೆಯುವಾಗ ಯಾವ ಮೆಟ್ಟಿಲನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆಯನ್ನು ಬಳ್ಳಾರಿ ಸೀಮೆಯ ಒಂದು ಗ್ರಾಮದ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಯಂತ್ರದ ವಿಷಯ. ದೊಡ್ಡ ವ್ಯಾಪಾರ ಸಂಸ್ಥೆಗಳಲ್ಲಿಯೂ ಸರ್ಕಾರಿ ಇಲಾಖೆಗಳಲ್ಲಿಯೂ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಕಾರ್ಯಸರಣಿ ಇರುತ್ತದೆ. ಸರಕು ಕೊಳ್ಳಬೇಕೆಂಬ ಒಂದು ಬೇಡಿಕೆ ಬಂದಿತೆನ್ನೋಣ. ಅದು ಮೊದಲು ಯಾರ ಮುಂದೆ ಹೋಗಬೇಕು, ಮೊತ್ತ ಇಂತಿಷ್ಟನ್ನು ಮೀರಿದರೆ ಯಾರ ಒಪ್ಪಿಗೆ ಬೇಕು, ಆ ಅಧಿಕಾರಿ ರಜೆಯಲ್ಲಿದ್ದರೆ ಯಾರು ನೋಡಬೇಕು, ಗೊತ್ತಾದ ಅವಧಿಯಲ್ಲಿ ನೋಡದಿದ್ದರೆ ಅದು ಎಲ್ಲಿಗೆ ಏರಬೇಕು ಎಂಬಿಷ್ಟನ್ನು ತಂತ್ರಾಂಶವನ್ನು ಅಣಿಗೊಳಿಸುವವರು ಪಟ್ಟಿಯಲ್ಲಿ ತುಂಬುತ್ತಾರೆ. 1972ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಎಸ್‌ಎಪಿ ಮುಂತಾದ ಸಂಸ್ಥೆಗಳು ಇಂತಹ ತಂತ್ರಾಂಶಗಳನ್ನು ಪ್ರಪಂಚದಾದ್ಯಂತ ಹರಡಿವೆ. ಹೆಸರು ಯಾವುದಾದರೂ ಒಳಗಿನ ತತ್ತ್ವ ಒಂದೇ: ಮೆಟ್ಟಿಲು, ನಿಬಂಧನೆ, ಸ್ಥಾನ, ಕಾಲಮಿತಿ. ನಮ್ಮ ತಾಲ್ಲೂಕು ಕಚೇರಿಯ ಹಳೆಯ ಟಪಾಲು ಗುಮಾಸ್ತ ಇವನ್ನೆಲ್ಲ ಬಾಯಿಪಾಠವಾಗಿ ಬಲ್ಲವನಾಗಿದ್ದನೆಂಬುದನ್ನು ಮರೆಯಬಾರದು.

ಈ ದಾರಿಗಳಲ್ಲಿ ಶಾರ್ಟ್‌ಕಟ್ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅವನ್ನು ಬೇರ್ಪಡಿಸದೆ ಮಾತನಾಡುವುದರಿಂದ ಬಹಳ ಗೊಂದಲವಾಗಿದೆ. ಒಂದು, ಅಧಿಕಾರಿಯ ಅಂಚೆಗೋ ಕೈಯಲ್ಲಿರುವ ಫೋನಿಗೋ ಬರುವ ಸೂಚನೆ. ಅದನ್ನು ಒತ್ತಿದೊಡನೆ, ಹತ್ತು ಬಾಗಿಲುಗಳನ್ನು ತೆರೆಯುವ ತೊಂದರೆಯಿಲ್ಲದೆ, ಬಾಕಿಯಿರುವ ಕೆಲಸವೇ ಕಣ್ಣೆದುರು ತೆರೆದುಕೊಳ್ಳುತ್ತದೆ. ಇದು ಕಡತದ ದಾರಿಯನ್ನು ಬದಲಾಯಿಸುವುದಿಲ್ಲ. ಅಧಿಕಾರಿ ಕಡತವನ್ನು ಮುಟ್ಟುವ ದಾರಿಯನ್ನು ಮಾತ್ರ ಕಿರಿದುಗೊಳಿಸುತ್ತದೆ. ಇನ್ನೊಂದು, ಕೆಲವು ವರ್ಗದ ಕೆಲಸಗಳಿಗೆ ನಡುವಣ ಮೆಟ್ಟಿಲುಗಳನ್ನೇ ಬಿಟ್ಟುಬಿಡುವುದು. ನಾವು ಸಮೀಪಮಾರ್ಗವೆಂದು ಕರೆಯುವುದು ಈ ಎರಡನೆಯದನ್ನು.

ಮೊದಲನೆಯದರ ವಿಷಯದಲ್ಲಿ ಎರಡು ಎಚ್ಚರಿಕೆಗಳು ಸಾಕು. ಸೂಚನೆಯನ್ನು ವ್ಯಕ್ತಿಯ ಹೆಸರಿಗಲ್ಲ, ಸ್ಥಾನಕ್ಕೆ ಕಟ್ಟಬೇಕು. ಹೆಸರಿಗೆ ಕಟ್ಟಿದರೆ ಅಧಿಕಾರಿ ವರ್ಗವಾಗಿ ಹೋದ ಮೇಲೂ ಸೂಚನೆಗಳು ಅವರ ಬೆನ್ನುಹತ್ತಿ ಹೋಗುತ್ತವೆ, ಹೊಸದಾಗಿ ಬಂದವರ ಮೇಜು ಬರಿದಾಗಿ ಕಾಣುತ್ತದೆ. ಅಲ್ಲದೆ ಸೂಚನೆಯೇ ಅಧಿಕಾರವಾಗಬಾರದು. ಅದನ್ನು ತೆರೆದವರಿಗೆ ಆ ಕ್ಷಣದಲ್ಲಿ ಆ ಕೆಲಸವನ್ನು ಮಾಡುವ ಹಕ್ಕುಂಟೆ ಎಂಬುದನ್ನು ಯಂತ್ರ ಪ್ರತಿಸಲವೂ ಕೇಳಬೇಕು. ಬಾಗಿಲ ಬಳಿಗೆ ಕರೆತಂದವನು ಬೀಗದ ಕೈಯನ್ನೂ ಕೊಟ್ಟುಬಿಡಬೇಕೆಂಬ ನಿಯಮವಿಲ್ಲ.

ಎರಡನೆಯದು ಇಷ್ಟು ಸುಲಭವಲ್ಲ. ಅದನ್ನು ತಿಳಿಯಲು ಹೊಳಲಿಗೆ ಹೋಗೋಣ.

ಹೊಳಲು ಹೂವಿನಹಡಗಲಿ ತಾಲ್ಲೂಕಿನ ಗ್ರಾಮ. ಹಳಗನ್ನಡದಲ್ಲಿ ಪೊಳಲ್ ಎಂದರೆ ಪಟ್ಟಣ. ಊರಿನ ಹೆಸರಿನಲ್ಲಿ ಹಳೆಯ ಪ್ರತಿಷ್ಠೆಯೊಂದು ಉಳಿದುಬಂದಿದೆ. ಇಲ್ಲಿಯ ಅನಂತಶಯನ ಮೂರ್ತಿ ಪ್ರಸಿದ್ಧವಾದುದು. ಹೊಸಪೇಟೆಯ ಬಳಿ ಕೃಷ್ಣದೇವರಾಯನು 1524ರಲ್ಲಿ ಕಟ್ಟಿಸಿದ ಅನಂತಶಯನಗುಡಿಗೆ ಹೋಗಬೇಕಾಗಿದ್ದ ದೇವರು ಹೊಳಲಿನಲ್ಲೇ ನಿಂತನೆಂದು ಐತಿಹ್ಯವಿದೆ. ಅಲ್ಲಿಯ ಗರ್ಭಗುಡಿ ಇಂದಿಗೂ ಬರಿದಾಗಿದೆ. ಐತಿಹ್ಯಕ್ಕೆ ಇತಿಹಾಸದ ಬೆಲೆ ಎಷ್ಟೆಂಬುದು ಬೇರೆ ಮಾತು. ದಾರಿಯ ನಡುವೆ ನಿಂತುಹೋದುದರ ಕಥೆ ಈ ಊರಿಗೆ ಹೊಸದಲ್ಲವೆಂದು ಮಾತ್ರ ಹೇಳಿ ಮುಂದುವರಿಯುತ್ತೇವೆ.

ಹಡಗಲಿ ತಾಲ್ಲೂಕಿಗೆ ಪಶ್ಚಿಮದಲ್ಲಿಯೂ ಉತ್ತರದಲ್ಲಿಯೂ ತುಂಗಭದ್ರೆಯೇ ಎಲ್ಲೆ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯಲ್ಲಿ ಈ ಪ್ರದೇಶವೂ ಸೇರಿತ್ತು. 1807ರವರೆಗೆ ಥಾಮಸ್ ಮನ್ರೋ ಅದರ ಮುಖ್ಯ ಕಲೆಕ್ಟರಾಗಿದ್ದನು. ಹೀಗಾಗಿ ನದಿಯ ಈಚೆಯ ದಡ ಮದರಾಸು ಪ್ರಾಂತದ ರೈತವಾರಿ ಪದ್ಧತಿಗೂ ಆಚೆಯ ಧಾರವಾಡದ ದಡ ಮುಂಬಯಿಯ ಪದ್ಧತಿಗೂ ಒಳಪಟ್ಟವು. ನೀರು ಒಂದೇ ಆದರೂ ಕಡತದ ದಾರಿ ಎರಡಾಯಿತು. ಮುಂಬಯಿ ಕಡೆಯಲ್ಲಿ 1903ರ ಶಾಸನದಿಂದ ಹಕ್ಕುದಾಖಲೆ ಎಂಬ ಪ್ರತ್ಯೇಕ ವ್ಯವಸ್ಥೆ ಏರ್ಪಟ್ಟು, ಜಮೀನಿನ ಹಕ್ಕು ಬದಲಾದಾಗ ಅದನ್ನು ಬರೆದು, ಸಂಬಂಧಪಟ್ಟವರಿಗೆ ತಿಳಿಸಿ, ಮೇಲಿನ ಅಧಿಕಾರಿ ಪ್ರಮಾಣೀಕರಿಸುವ ಕ್ರಮ ಬಂದಿತು. ಮದರಾಸಿನ ಕಡೆಯಲ್ಲಿ ಸರ್ಕಾರದ ಮುಖ್ಯ ಆಸಕ್ತಿ ಪಟ್ಟಾ ಯಾರ ಹೆಸರಿನಲ್ಲಿದೆ, ಅಂದರೆ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂಬುದರಲ್ಲಿ ನಿಂತಿತ್ತು. ಪೈರಿನ ವಿವರವನ್ನು ಅಡಂಗಲ್ ಲೆಕ್ಕದಲ್ಲಿ ಬರೆಯುತ್ತಿದ್ದವನು ಕರಣಿಕ, ಅಂದರೆ ನಮ್ಮ ಶಾನುಭೋಗ.

ಈ ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದಿತು. ಇದರ ಪರಿಣಾಮವನ್ನು ಇಂದಿನ ತಂತ್ರಾಂಶದ ಭಾಷೆಯಲ್ಲಿ ಹೇಳುವುದಾದರೆ, ಸ್ಥಾನವೂ ವ್ಯಕ್ತಿಯೂ ಒಂದೇ ಆಗಿದ್ದವು. ಲೆಕ್ಕದ ದಾರಿ ಒಂದು ಕಚೇರಿಗೆ ಹೋಗದೆ ಒಂದು ಮನೆತನಕ್ಕೆ ಹೋಗುತ್ತಿತ್ತು. ಇದರಲ್ಲಿ ಕೇಡೂ ಇತ್ತು, ಗುಣವೂ ಇತ್ತು. ಶಾನುಭೋಗನ ಮರ್ಜಿಯಿಲ್ಲದೆ ಪುಸ್ತಕ ತೆರೆಯುತ್ತಿರಲಿಲ್ಲವೆಂಬುದು ಕೇಡು. ಯಾವ ಮನೆಯ ಹೆಣ್ಣುಮಗಳನ್ನು ಎಲ್ಲಿಗೆ ಕೊಟ್ಟಿದೆ, ಯಾವ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿದ್ದಾರೆ ಎಂಬುದನ್ನು ಪುಸ್ತಕ ನೋಡದೆ ಆತ ಬಲ್ಲವನಾಗಿದ್ದನೆಂಬುದು ಗುಣ. 1953ರ ಅಕ್ಟೋಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯ ಹೋಯಿತು. ಸಂಬಳದ ಗ್ರಾಮಲೆಕ್ಕಿಗ ಬಂದನು. ದಾರಿ ಮನೆತನವನ್ನು ಬಿಟ್ಟು ಕಚೇರಿಗೆ ತಿರುಗಿದುದು ಆಗಲೇ. ನಮ್ಮ ಅಭಿಪ್ರಾಯದಲ್ಲಿ ಇದು ಮುಂದೆ ಬಂದ ಗಣಕಯಂತ್ರಕ್ಕಿಂತ ದೊಡ್ಡ ಬದಲಾವಣೆ.

ಮರುವರ್ಷ, 1964ರ ಏಪ್ರಿಲ್ 1ರಿಂದ, ಭೂಕಂದಾಯ ಶಾಸನ ಜಾರಿಗೆ ಬಂದು ನದಿಯ ಎರಡು ದಡಗಳಿಗೂ ಒಂದೇ ದಾರಿಯನ್ನು ಹಾಕಿತು. ಅದರ 128 ಮತ್ತು 129ನೆಯ ಪ್ರಕರಣಗಳನ್ನು ಗಮನವಿಟ್ಟು ಓದಿದರೆ ಇಂದು ನಾವು ಹೊಸತೆಂದು ಭಾವಿಸುವ ಸಮೀಪಮಾರ್ಗ ಅಲ್ಲಿಯೇ ಇರುವುದು ಕಂಡುಬರುತ್ತದೆ. ಜಮೀನಿನಲ್ಲಿ ಹಕ್ಕು ಪಡೆದವನು ಮೂರು ತಿಂಗಳೊಳಗಾಗಿ ಅದನ್ನು ವರದಿ ಮಾಡಬೇಕೆಂಬುದು ಸಾಮಾನ್ಯ ನಿಯಮ. ಆದರೆ ನೋಂದಾಯಿತ ಪತ್ರದ ಮೂಲಕ ಹಕ್ಕು ಪಡೆದವನಿಗೆ ಈ ಹೊಣೆಯಿಲ್ಲ. ನೋಂದಣಿಯ ಅಧಿಕಾರಿಯೇ ಕಂದಾಯ ಕಚೇರಿಗೆ ತಿಳಿಸುತ್ತಾನೆ. ಅಂದರೆ ಒಂದು ಮೆಟ್ಟಿಲನ್ನು ಕಾನೂನೇ ಬಿಟ್ಟಿತು. ಹಾಗೆ ಬಿಟ್ಟುದು ಕೊಳ್ಳುವವನ ಅಂತಸ್ತನ್ನು ನೋಡಿ ಅಲ್ಲ, ವ್ಯವಹಾರದ ಜಾತಿಯನ್ನು ನೋಡಿ. ಬರೆದುಕೊಟ್ಟವನು ಸರ್ಕಾರಿ ಅಧಿಕಾರಿಯ ಮುಂದೆ ಹಾಜರಾಗಿ ಒಪ್ಪಿಕೊಂಡಿದ್ದಾನೆ. ಅದನ್ನು ಮತ್ತೊಮ್ಮೆ ಹೇಳಿಸಬೇಕಾದ ಅಗತ್ಯವಿಲ್ಲ.

ಆದರೆ ಅದೇ ಕಾನೂನು ಇನ್ನೊಂದು ಮೆಟ್ಟಿಲನ್ನು ಬಿಡಲಿಲ್ಲ. ಬದಲಾವಣೆಯ ನಮೂದಿನ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ದಾಖಲೆಯಿಂದ ಸಂಬಂಧಪಟ್ಟವರೆಂದು ಕಾಣುವ ಎಲ್ಲರಿಗೂ ಲಿಖಿತ ತಿಳಿವಳಿಕೆ ಕೊಡಬೇಕು. ಅಷ್ಟೇ ಅಲ್ಲ, ಸಂಬಂಧಪಟ್ಟವರೆಂದು ನಂಬಲು ಅಧಿಕಾರಿಗೆ ಕಾರಣವಿರುವ ಬೇರೆ ಯಾರಿಗಾದರೂ ತಿಳಿಸಬೇಕು. ಈ ಕೊನೆಯ ಮಾತಿನ ಮೇಲೆ ನಮ್ಮ ಲೇಖನವೆಲ್ಲ ನಿಂತಿದೆ. ದಾಖಲೆಯಲ್ಲಿ ಹೆಸರಿದ್ದವರನ್ನು ಯಂತ್ರವೂ ಹುಡುಕಬಲ್ಲುದು. ಹೆಸರಿಲ್ಲದವರ ವಿಷಯದಲ್ಲಿ ನಂಬಲು ಕಾರಣವಿರಬೇಕಾದರೆ ಊರನ್ನು ಬಲ್ಲ ಮನುಷ್ಯನೊಬ್ಬ ಆ ದಾರಿಯಲ್ಲಿ ಎಲ್ಲಿಯಾದರೂ ಕುಳಿತಿರಬೇಕು.

ಈಗ ಯಂತ್ರದ ಕಾಲಕ್ಕೆ ಬರೋಣ. 2000ದ ಸುಮಾರಿನಲ್ಲಿ ಕರ್ನಾಟಕದ ತಾಲ್ಲೂಕುಗಳಲ್ಲಿ ನೆಲೆಗೊಂಡ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟವನಿಗೆ ಕಿಟಕಿಯಲ್ಲಿ ಪಹಣಿ ದೊರೆಯುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಪಹಣಿಯ ಪ್ರತಿಯನ್ನು ಕುರಿತು ಬಹಳ ಬರೆಯಲಾಗಿದೆ. ನಮಗೆ ಹೆಚ್ಚು ಮುಖ್ಯವಾಗಿ ತೋರುವುದು ಹಕ್ಕು ಬದಲಾವಣೆಯ ದಾರಿ. ಅರ್ಜಿ ಬಂದೊಡನೆ ಅದಕ್ಕೆ ಸಂಖ್ಯೆ ಬೀಳುತ್ತದೆ. ಮೊದಲು ಬಂದುದು ಮೊದಲು ಎಂಬುದು ಸೂತ್ರ. ತಿಳಿವಳಿಕೆಯ ಪತ್ರ ಯಂತ್ರದಿಂದ ಹೊರಡುತ್ತದೆ. ಗ್ರಾಮಲೆಕ್ಕಿಗ ಅದನ್ನು ಊರಿನಲ್ಲಿ ಜಾರಿಮಾಡುತ್ತಾನೆ. ತಕರಾರಿಗೆ 30 ದಿನಗಳ ಅವಕಾಶ. ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರ ಆದೇಶವಾಗಿ, ತಾಲ್ಲೂಕು ಕಚೇರಿಯಲ್ಲಿ ಬೆರಳ ಗುರುತಿನೊಂದಿಗೆ ಅದು ದಾಖಲೆಗೆ ಏರುತ್ತದೆ. ತಕರಾರು ಬಂದರೆ ದಾರಿ ಕವಲಾಗುತ್ತದೆ. ತಕರಾರು ವಹಿಯಲ್ಲಿ ನಮೂದಾಗಿ ವಿಚಾರಣೆಗೆ ಹೋಗುತ್ತದೆ. ಮನೆತನಕ್ಕೆ ಹೋಗುತ್ತಿದ್ದ ದಾರಿ 1963ರಲ್ಲಿ ಕಚೇರಿಗೆ ತಿರುಗಿದಂತೆ ಈಗ ಬೆರಳಿಗೆ ತಿರುಗಿತೆನ್ನಬಹುದು: ಯಾರು ಯಾವ ದಿನ ಒಪ್ಪಿದರೆಂಬುದನ್ನು ಅಳಿಸುವಂತಿಲ್ಲ. ಶಾನುಭೋಗನ ಕಾಲದಲ್ಲಿ ಒಂದು ಪುಟವನ್ನು ತಿದ್ದಿ ಬರೆದವನು ಯಾರೆಂದು ಹುಡುಕುವುದು ಅಕ್ಷರದ ಮೋಡಿಯನ್ನು ನೋಡಿ ಊಹಿಸುವ ಕೆಲಸವಾಗಿದ್ದಿತು.

ಭೂಮಿಗೆ ಜೊತೆಯಾಗಿ ಉಪನೋಂದಣಿ ಕಚೇರಿಗಳಲ್ಲಿ ಕಾವೇರಿ ಎಂಬ ತಂತ್ರಾಂಶ ಬಂದಿತು. ಕ್ರಯಪತ್ರ ನೋಂದಣಿಯಾದೊಡನೆ ಹಿಂದೆ ಕಾಗದದಲ್ಲಿ ಹೋಗುತ್ತಿದ್ದ ಜೆ ಚೀಟಿಯ ವಿವರ ಕಾಲಕ್ರಮದಲ್ಲಿ ಕಾವೇರಿಯಿಂದ ನೇರವಾಗಿ ಭೂಮಿಗೆ ಹೋಗತೊಡಗಿ, ಹಕ್ಕು ಬದಲಾವಣೆ ತಾನಾಗಿ ಆರಂಭವಾಗುವ ಏರ್ಪಾಡಾಯಿತು. ಇದು 1964ರ ಶಾಸನ ತೋರಿಸಿದ ಸಮೀಪಮಾರ್ಗವೇ. ಕಾಗದದ ಚೀಟಿ ತಿಂಗಳುಗಟ್ಟಲೆ ಟಪಾಲಿನಲ್ಲಿ ಮಲಗಿರುತ್ತಿದ್ದುದು ತಪ್ಪಿತು, ಅಷ್ಟೆ. ಇದರ ಜೊತೆಗೆ ಒಂದು ಸರ್ವೆ ನಂಬರಿನ ಭಾಗವನ್ನು ಮಾರುವವರು ಮೊದಲೇ 11ಇ ನಕ್ಷೆಯನ್ನು ಪಡೆದಿರಬೇಕೆಂಬ ನಿಯಮ ಬಂದುದನ್ನೂ ನೋಡಬೇಕು. ಕೊನೆಯಲ್ಲಿ ಬಿಟ್ಟ ಮೆಟ್ಟಿಲಿಗೆ ಬದಲಾಗಿ ಮೊದಲಿನಲ್ಲಿ ಒಂದು ಮೆಟ್ಟಿಲು ಸೇರಿತು. ನಕ್ಷೆಗಾಗಿ ಭೂಮಾಪಕನ ದಾರಿ ಕಾಯುವ ರೈತ ಇದನ್ನು ಸಮೀಪಮಾರ್ಗವೆಂದು ಒಪ್ಪಲಾರನು. ಆದರೂ ಅಳತೆಯ ಜಗಳ ಮಾರಾಟಕ್ಕೆ ಮುನ್ನವೇ ಹೊರಬೀಳುವುದು ಮಾರಾಟದ ನಂತರ ಹೊರಬೀಳುವುದಕ್ಕಿಂತ ಲೇಸು.

ಹೀಗೆ ಒಂದು ವರ್ಗಕ್ಕೆ ಚೆನ್ನಾಗಿ ನಡೆದ ದಾರಿಯನ್ನು ಮಿಕ್ಕ ವರ್ಗಗಳಿಗೂ ಹಬ್ಬಿಸಬೇಕೆಂಬ ಆಸೆ ಸಹಜ. ಈಚಿನ ವರ್ಷಗಳಲ್ಲಿ ನೋಂದಾಯಿತ ಕ್ರಯಗಳಿಗೆ ತಕರಾರಿನ ಅವಧಿಯನ್ನು ಮೊಟಕುಗೊಳಿಸಲಾಗಿದೆ. ಮೂರನೆಯವರ ಹಕ್ಕಿಗೆ ಬಾಧೆಯಿಲ್ಲದ ಕೆಲವು ನಮೂದುಗಳು ಮನುಷ್ಯನ ಕೈ ಸೋಕದೆ ದಾಖಲೆಗೆ ಏರುವಂತೆಯೂ ಮಾಡಲಾಗಿದೆ. ಬ್ಯಾಂಕಿನ ಸಾಲ ತೀರಿದ ಮೇಲೆ ಪಹಣಿಯಲ್ಲಿರುವ ಋಣದ ನಮೂದನ್ನು ತೆಗೆಯಲು 30 ದಿನ ಕಾಯಬೇಕೆಂದು ಯಾರೂ ವಾದಿಸಲಾರರು. ಪ್ರಶ್ನೆ ಏಳುವುದು ಪೌತಿ ಖಾತೆಯಲ್ಲಿ, ಎಂದರೆ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಮಾಡುವ ಬದಲಾವಣೆಯಲ್ಲಿ.

ಹೊಳಲಿನ ಒಬ್ಬ ರೈತ ತೀರಿಕೊಂಡನೆನ್ನೋಣ. ಇಬ್ಬರು ಗಂಡುಮಕ್ಕಳು ಊರಿನಲ್ಲಿದ್ದಾರೆ. ಮಗಳನ್ನು ಹೊಳೆಯಾಚೆ ಹಾವೇರಿಯ ಕಡೆಗೆ ಕೊಟ್ಟಿದೆ. ಪಹಣಿಯಲ್ಲಿ ಇದ್ದುದು ತಂದೆಯ ಹೆಸರೊಂದೇ. ಗಂಡುಮಕ್ಕಳು ಮರಣಪತ್ರವನ್ನೂ ವಂಶವೃಕ್ಷವನ್ನೂ ಇಟ್ಟು ಅರ್ಜಿ ಕೊಡುತ್ತಾರೆ. ವಂಶವೃಕ್ಷದಲ್ಲಿ ಮಗಳ ಹೆಸರನ್ನು ಬಿಡುವ ಚಾಳಿ ನಮ್ಮ ಸೀಮೆಯಲ್ಲಿ ಅಪರೂಪವೇನಲ್ಲ. ಕೊಟ್ಟ ಹೆಣ್ಣು ಕುಲದ ಹೊರಗೆ ಎಂಬ ಹಳೆಯ ಭಾವನೆ ಕಾಗದದಲ್ಲಿ ಇಳಿದುಬಿಡುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂದು ಕರ್ನಾಟಕದ ತಿದ್ದುಪಡಿ 1994ರಿಂದಲೂ ಕೇಂದ್ರದ ತಿದ್ದುಪಡಿ 2005ರಿಂದಲೂ ಹೇಳುತ್ತಿವೆ. ಕರ್ನಾಟಕದ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ ಹಾಗೆ ಮಾಡಲಿಲ್ಲ. 2005ರಲ್ಲಿ ತಂದೆ ಬದುಕಿರಬೇಕಾಗಿತ್ತೆಂಬ ವಾದವನ್ನೂ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತಳ್ಳಿಹಾಕಿದೆ.

ಈ ಅರ್ಜಿಗೆ ಸಮೀಪಮಾರ್ಗ ಹಾಕಿದರೆ ಏನಾಗುತ್ತದೆ? ಯಂತ್ರ ದಾಖಲೆಯನ್ನು ನೋಡುತ್ತದೆ, ಅಲ್ಲಿ ಮಗಳಿಲ್ಲ. ವಂಶವೃಕ್ಷವನ್ನು ನೋಡುತ್ತದೆ, ಅಲ್ಲಿಯೂ ಇಲ್ಲ. ತಿಳಿವಳಿಕೆ ಅರ್ಜಿದಾರರಿಗೇ ಹೋಗಿ ಅವರಿಂದಲೇ ತಕರಾರಿಲ್ಲವೆಂದು ಬರುತ್ತದೆ. ಎಲ್ಲ ನಿಬಂಧನೆಗಳೂ ಸರಿಯಾಗಿ ಪೂರೈಸಿದಂತೆ ತೋರುತ್ತವೆ. ಆಮೇಲೆ 133ನೆಯ ಪ್ರಕರಣದ ಪ್ರಕಾರ ಆ ನಮೂದು, ವಿರುದ್ಧವಾದುದು ಸಿದ್ಧವಾಗುವವರೆಗೆ, ನಿಜವೆಂದೇ ಭಾವಿಸಲ್ಪಡುತ್ತದೆ. ನಿಜವನ್ನು ಸಿದ್ಧಮಾಡುವ ಹೊರೆ ಈಗ ಮಗಳ ತಲೆಯ ಮೇಲೆ ಬೀಳುತ್ತದೆ. ಹಳೆಯ ಉದ್ದದ ದಾರಿಯಲ್ಲಿ ಆಕೆಗಿದ್ದ ಆಸರೆ ಎರಡೇ: ಊರಿನವರಾರಾದರೂ ಚಾವಡಿಯ ಕಾಗದ ನೋಡಿ ಹೊಳೆಯಾಚೆಗೆ ಸುದ್ದಿ ಮುಟ್ಟಿಸಬಹುದಾದ 30 ದಿನಗಳು, ಮತ್ತು ಈ ಮನೆಯಲ್ಲಿ ಒಬ್ಬ ಮಗಳಿದ್ದಾಳಲ್ಲ ಎಂದು ಕೇಳಬಹುದಾದ ಗ್ರಾಮಲೆಕ್ಕಿಗ. ದಾರಿಯ ಪಟ್ಟಿಯನ್ನು ಬರೆಯುವವರ ಕಣ್ಣಿಗೆ ಇವೆರಡೂ ಕೆಲಸವಿಲ್ಲದ ಕಾಲಹರಣವಾಗಿ ಕಾಣುತ್ತವೆ. ಏಕೆಂದರೆ ನೂರಕ್ಕೆ ಬಹುಪಾಲು ಅರ್ಜಿಗಳಲ್ಲಿ ಅಲ್ಲಿ ಏನೂ ನಡೆಯುವುದಿಲ್ಲ.

ಗ್ರಾಮಲೆಕ್ಕಿಗ ತಪ್ಪದೆ ಕೇಳುತ್ತಿದ್ದನೆಂದು ನಾವು ಹೇಳುತ್ತಿಲ್ಲ. ಕೇಳದೆ ರುಜು ಹಾಕಿದವರೂ ಇದ್ದಾರೆ, ಕೇಳದಿರಲು ಹಣ ಪಡೆದವರೂ ಇದ್ದಾರೆ; ಈ ಮೆಟ್ಟಿಲಿನ ದುರುಪಯೋಗದಿಂದ ಬೇಸತ್ತ ಜನರೇ ಅದನ್ನು ಕಿತ್ತುಹಾಕಿರೆಂದು ಮೊರೆಯಿಡುತ್ತಾರೆ. ಆದರೆ ಕೆಟ್ಟ ಕಾವಲುಗಾರನಿದ್ದಾನೆಂದು ಬಾಗಿಲನ್ನೇ ತೆಗೆದುಹಾಕುವವರಿಲ್ಲ. ಯಂತ್ರದಿಂದಲೇ ಇಲ್ಲಿ ಆಗಬಹುದಾದ ಕೆಲಸವುಂಟು. ಪೌತಿ ಅರ್ಜಿಯ ದಾರಿಯಲ್ಲಿ ಹೆಣ್ಣುಮಕ್ಕಳ ಹೆಸರು, ವಿಳಾಸಗಳ ಅಂಕಣವನ್ನು ಪ್ರತ್ಯೇಕವಾಗಿ ಇಟ್ಟು, ಅದನ್ನು ತುಂಬದೆ ಅಥವಾ ಹೆಣ್ಣುಮಕ್ಕಳಿಲ್ಲವೆಂದು ಗ್ರಾಮಲೆಕ್ಕಿಗ ಮಹಜರಿನ ಮೂಲಕ ಬರೆಯದೆ, ಮುಂದಿನ ಮೇಜಿಗೆ ಹೋಗದಂತೆ ನಿಬಂಧನೆ ಹಾಕಬಹುದು. ಹಾಗೆ ಬರೆದವರ ಬೆರಳ ಗುರುತು ಅಲ್ಲಿ ಉಳಿಯುತ್ತದೆ. ಮೊದಲು ಹೇಳಿದ ಸೂಚನೆಯ ಶಾರ್ಟ್‌ಕಟ್ಟನ್ನು ಅಧಿಕಾರಿಗೆ ಮಾತ್ರ ಕಳುಹಿಸದೆ ಆ ಹೆಣ್ಣುಮಗಳ ಫೋನಿಗೂ ಕಳುಹಿಸಬಹುದು. ಹಾವೇರಿಯ ಕಡೆಯಿಂದ ಹಡಗಲಿಗೆ ಬಾರದೆ ಆಕೆ ತನ್ನ ತಕರಾರನ್ನು ದಾಖಲಿಸುವಂತಾದರೆ ಆ ಸಮೀಪಮಾರ್ಗಕ್ಕೆ ನಮ್ಮ ಆಕ್ಷೇಪಣೆಯಿಲ್ಲ.

ಕಾಲಮಿತಿಯ ವಿಷಯವಾಗಿಯೂ ಎರಡು ಮಾತು ಹೇಳಬೇಕು. 2011ರ ಸೇವೆಗಳ ಖಾತರಿ ಶಾಸನ, ಜನ ಸಕಾಲವೆಂದು ಕರೆಯುವುದು, 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಬಂದಾಗ ತಡಮಾಡಿದ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರವನ್ನು ಅರ್ಜಿದಾರನಿಗೆ ಕೊಡಿಸುವ ಏರ್ಪಾಡನ್ನು ಮಾಡಿತು. ಇದು ಒಳ್ಳೆಯ ಶಾಸನ. ಆದರೆ ಗಡಿಯಾರ ಓಡುವುದು ಅರ್ಜಿ ಕೊಟ್ಟವನ ಪರವಾಗಿ. ಅರ್ಜಿಯಲ್ಲಿ ಹೆಸರಿಲ್ಲದವಳ ಪರವಾಗಿ ಓಡುವ ಗಡಿಯಾರವಿಲ್ಲ. ಆದಕಾರಣ ದಾರಿಯ ಪಟ್ಟಿಯಲ್ಲಿ ಕಾಲಮಿತಿಯನ್ನು ಹಾಕುವಾಗ ಕಚೇರಿಯ ಮೇಜಿನ ಮೇಲೆ ಕಳೆದ ದಿನಗಳನ್ನೂ ತಕರಾರಿಗಾಗಿ ತೆರೆದಿಟ್ಟ ದಿನಗಳನ್ನೂ ಬೇರೆ ಬೇರೆಯಾಗಿ ಎಣಿಸುವುದು ಯುಕ್ತ. ಮೊದಲನೆಯದನ್ನು ಎಷ್ಟು ಕಡಿಮೆ ಮಾಡಿದರೂ ಸರಿ. ಇನ್ನು ಪಟ್ಟಿಯನ್ನು ತಿದ್ದಿದ ದಿನ ದಾರಿಯ ನಡುವೆ ಇರುವ ಅರ್ಜಿಗಳು ಹಳೆಯ ದಾರಿಯಲ್ಲಿಯೇ ಕೊನೆಮುಟ್ಟಬೇಕು. ಶಾಸನಗಳು ಬದಲಾದಾಗ ಉಳಿಕೆಯ ಪ್ರಕರಣವೊಂದನ್ನು ಬರೆಯುವ ಕ್ರಮ ಇದಕ್ಕಾಗಿಯೇ ಇರುವುದು. ತಂತ್ರಾಂಶದವರೂ ಅದನ್ನು ತಮ್ಮ ಭಾಷೆಯಲ್ಲಿ ಬಲ್ಲರು.

ಹೊಳಲಿನ ಮಗಳಿಗೆ ಸುದ್ದಿ ತಡವಾಗಿ ಮುಟ್ಟಿ, ನಮೂದು ಆಗಲೇ ಪಹಣಿಗೆ ಏರಿದ್ದರೆ, 136ನೆಯ ಪ್ರಕರಣದಂತೆ ಆಕೆಯ ಮೇಲ್ಮನವಿ ಉಪವಿಭಾಗಾಧಿಕಾರಿಯ ಮುಂದೆ ಹೋಗಬೇಕು. ಅಲ್ಲಿಂದ ಪುನರ್ವಿಮರ್ಶೆ ಜಿಲ್ಲಾಧಿಕಾರಿಗೆ. ಆ ಕಡತ ಬಹುಕಾಲ ಬಳ್ಳಾರಿಗೆ ಹೋಗುತ್ತಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಏರ್ಪಟ್ಟಂದಿನಿಂದ, ಅನಂತಶಯನ ಹೋಗದೆ ಉಳಿದ ಹೊಸಪೇಟೆಗೆ ಅದು ಹೋಗುತ್ತಿದೆ.